ಮರೆತವರಿಗೆ ಮಾತು ಕೊಡುವವಳು

ಠಾಣೆಯಿಂದ ಫೋನ್ ಬಂದಾಗ ನನ್ನ ಹೆಂಡತಿ ನನ್ನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ದಾರವನ್ನು ಹಲ್ಲಿನಲ್ಲಿ ಕಡಿದು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಹೂಂ, ಹೂಂ ಎಂದು ಕೇಳಿಸಿಕೊಂಡಳು. ಕೊನೆಗೆ "ಆಯ್ತು ಸಾರ್" ಎಂದು ಫೋನ್ ಇಟ್ಟು, ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು.

"ಐದು ನಿಮಿಷದ ಕೆಲಸ ಅಂತೆ. ಸ್ಟೇಷನ್ನಿಗೆ ಬಂದು ಹೋಗಿ ಅಂದ್ರು."

"ಯಾರನ್ನ?"

"ನನ್ನನ್ನ."

ನನಗೆ ಮೊದಲು ಅನ್ನಿಸಿದ್ದು, ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನನ್ನು ಯಾಕೆ ಕರೆಯಲಿಲ್ಲ ಎಂದು. ನಾನು ನಟ. ನಮ್ಮ ನಾಟಕ ಕಂಪನಿಯಲ್ಲಿ ಇನ್ಸ್‌ಪೆಕ್ಟರ್ ಪಾತ್ರ ಬಂತೆಂದರೆ ಅದು ನನ್ನದೇ. ಮೀಸೆ ಅಂಟಿಸಿಕೊಂಡು ಮೇಜು ಕುಟ್ಟಿದ್ದೇ ಕುಟ್ಟಿದ್ದು. ನಿಜವಾದ ಠಾಣೆಯವರು ನಮ್ಮ ಮನೆಗೆ ಫೋನ್ ಮಾಡಿ ನನ್ನನ್ನು ಬಿಟ್ಟು ಅವಳನ್ನು ಕರೆದದ್ದು ಒಂದು ಬಗೆಯ ಅವಮಾನದಂತೆ ಕಂಡಿತು. ಹೆದರಿಕೆ ಬಂದದ್ದು ಆಮೇಲೆ.

ಅವಳು ಅದೇ ಕಂಪನಿಯಲ್ಲಿ ಪ್ರಾಂಪ್ಟರ್. ಪರದೆಯ ಪಕ್ಕದ ಕತ್ತಲಲ್ಲಿ ಸ್ಟೂಲಿನ ಮೇಲೆ ಕೂತು, ಮಾತು ಮರೆತ ನಟನಿಗೆ ಮುಂದಿನ ಪದ ಪಿಸುಗುಟ್ಟಿ ಕೊಡುವವಳು. ಕಂಪನಿಯಲ್ಲಿ ಎಲ್ಲರಿಗೂ ಪಿಸು ಅಕ್ಕ. ಇದು ಪುಸ್ತಕ ನೋಡಿಕೊಂಡು ಓದುವ ಕೆಲಸ ಅಂದುಕೊಂಡವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ನಟ ಬೇಕೆಂದೇ ಹಿಡಿದ ಮೌನ ಒಂದಿರುತ್ತದೆ, ಕಾಲು ಜಾರಿ ಬಿದ್ದ ಮೌನ ಇನ್ನೊಂದಿರುತ್ತದೆ. ಮೊದಲನೆಯದರಲ್ಲಿ ಬಾಯಿ ಹಾಕಿದರೆ ನಟ ಆಮೇಲೆ ಜಗಳಕ್ಕೆ ಬರುತ್ತಾನೆ. ಎರಡನೆಯದರಲ್ಲಿ ಹಾಕದಿದ್ದರೆ ಜನ ಕೆಮ್ಮುತ್ತಾರೆ. ಅವೆರಡನ್ನೂ ಅವಳು ಬೇರೆ ಮಾಡುವುದು ಉಸಿರು ನೋಡಿ. ಬಿದ್ದವನ ಉಸಿರು ನಿಂತಿರುತ್ತದೆ, ಕಣ್ಣು ಮೇಲಕ್ಕೆ ಹೋಗಿರುತ್ತದೆ, ಕೈ ಕಿವಿಯನ್ನೋ ಮೂಗನ್ನೋ ಹುಡುಕುತ್ತಿರುತ್ತದೆ. ಅಷ್ಟು ಹೊತ್ತಿಗೆ ಅವಳ ಪದ ತಲುಪಿರುತ್ತದೆ. ಒಂದೇ ಪದ, ಅವನೊಬ್ಬನಿಗೆ ಮಾತ್ರ ಕೇಳುವಷ್ಟು. ತನಗೆ ತಾನೇ ನೆನಪಾಯಿತು ಎಂದು ನಟ ಬೀಗುತ್ತಾನೆ. ನಾನೂ ಎಷ್ಟೋ ವರ್ಷ ಹಾಗೇ ಬೀಗಿದ್ದೆ.

ಈ ಚಾಳಿ ರಂಗಮಂದಿರದಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಅಂಗಡಿಯವನು ಸಾಮಾನಿನ ಹೆಸರು ಮರೆತರೆ ಅವನಿಗೂ ಕೊಡುತ್ತಾಳೆ. ಬಸ್ಸಿನಲ್ಲಿ ಹಿಂದಿನ ಸೀಟಿನವರು ತಮ್ಮ ತಮ್ಮಲ್ಲಿ ಮಾತಾಡುತ್ತಾ ತಡವರಿಸಿದರೆ, ತಿರುಗಿ ನೋಡದೆ ಅವರಿಗೂ ಕೊಡುತ್ತಾಳೆ. ಮದುವೆಗೆ ಮುಂಚೆ ನಾನು ಒಂದು ದಿನ ಧೈರ್ಯ ಮಾಡಿ "ನನಗೆ ನಿನ್ನನ್ನ ಕಂಡ್ರೆ..." ಎಂದು ಗಂಟಲೊಣಗಿ ನಿಂತಾಗ "ಇಷ್ಟ" ಎಂದು ಮುಗಿಸಿದವಳೂ ಅವಳೇ. ಇಷ್ಟು ವರ್ಷವೂ ಅದನ್ನು ಹೇಳಿಕೊಂಡು ನಕ್ಕಿದ್ದೇವೆ.

ಠಾಣೆಯವರು ಕರೆದದ್ದು ಬೆಂಕಿಯ ವಿಷಯಕ್ಕೆ. ಕಂಪನಿಯ ವಾರದ ರಜೆಯ ದಿನ ಮಧ್ಯಾಹ್ನ ರಂಗಮಂದಿರದ ಹಿಂದಿನ ಉಗ್ರಾಣ ಹೊತ್ತಿಕೊಂಡಿತ್ತು. ಹಳೆಯ ಪರದೆ, ಉಡುಪು, ಮರದ ಕತ್ತಿ, ಬಣ್ಣ ಹೋದ ಸಿಂಹಾಸನ ಎಲ್ಲ ಬೂದಿ. ಒಳಗೆ ಪರದೆಗಳ ಸುರುಳಿಯ ಹಿಂದೆ ಕಾವಲುಗಾರ ಮಲಗಿದ್ದ. ಆಸ್ಪತ್ರೆಯಲ್ಲಿ ಅವನು ಇನ್ನೂ ಉಸಿರಾಡುತ್ತಿದ್ದ, ಅಷ್ಟೇ. ಯಾರೋ ರಂಗದ ದೊಡ್ಡ ದೀಪವೊಂದನ್ನು ಪರದೆಯ ರಾಶಿಗೆ ಮುಖ ಮಾಡಿ ಹಚ್ಚಿಟ್ಟು, ಆರಿಸದೆ ಹೋಗಿದ್ದಾರೆ ಎಂದು ಅಗ್ನಿಶಾಮಕದವರು ಹೇಳಿದರು. ಉಗ್ರಾಣದ ಕೀಲಿ ಇದ್ದದ್ದು ಕಾವಲುಗಾರನ ಬಳಿ, ಊರಲ್ಲಿಲ್ಲದ ಯಜಮಾನರ ಬಳಿ, ಮತ್ತೆ ದೀಪದ ಕೆಲಸ ಮಾಡುವ ನನ್ನ ಭಾಮೈದನ ಬಳಿ.

ಭಾಮೈದ ಅಂದರೆ ನನ್ನ ಹೆಂಡತಿಯ ತಮ್ಮ. ಸಿಟ್ಟು ಬಂದರೆ ಥಟ್ಟನೆ ಹಾರಿಹೋಗುತ್ತಾನೆಂದು ಅವನಿಗೆ ಫ್ಯೂಸು ಎಂದು ಹೆಸರು. ಅಕ್ಕ ಪಿಸು, ತಮ್ಮ ಫ್ಯೂಸು, ನಡುವೆ ಭಾವ ಬಲ್ಬು ಎಂದು ಬಣ್ಣದ ಕೋಣೆಯಲ್ಲಿ ಹುಡುಗಿಯರು ನಗುತ್ತಿದ್ದರು. ಅವರಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಇವಳೇ. ಅವನು ಶಾಲೆಯಲ್ಲಿ ಮೊದಲ ಸಲ ಪದ್ಯ ಹೇಳಲು ನಿಂತು ಕಣ್ಣು ಪಿಳಿಪಿಳಿ ಬಿಟ್ಟಾಗ ಬಾಗಿಲ ಸಂದಿಯಿಂದ ಪದ ಕೊಟ್ಟಳಂತೆ. ಅವಳ ಕಸುಬು ಶುರುವಾದದ್ದೇ ಅಲ್ಲಿ.

ಆ ಮಧ್ಯಾಹ್ನ ಅವನು ನಮ್ಮ ಮನೆಯಲ್ಲೇ ಊಟ ಮಾಡಿದ್ದ. ಕೈ ತೊಳೆದು "ಅಕ್ಕ, ಸುಮ್ನೆ ಒಂದ್ ಸುತ್ತು ಹೋಗಿ ಬರ್ತೀನಿ" ಎಂದು ಹೊರಟ. ಅವನು ಗೇಟು ದಾಟಿ ಎಡಕ್ಕೆ ತಿರುಗಿದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಎಡಕ್ಕೆ ಹೋದರೆ ರಂಗಮಂದಿರವೂ ಸಿಗುತ್ತದೆ, ಬಸ್ ನಿಲ್ದಾಣವೂ ಸಿಗುತ್ತದೆ, ಅರ್ಧ ಊರೇ ಸಿಗುತ್ತದೆ. ಬಸ್ ನಿಲ್ದಾಣದ ಕಡೆ ತಿರುಗಾಡಿ ಬಂದೆ ಎಂದು ಅವನು ಪೊಲೀಸರಿಗೆ ಹೇಳಿದ್ದ. ಅವನನ್ನು ಅಲ್ಲಿ ನೋಡಿದವರು ಯಾರೂ ಇರಲಿಲ್ಲ.

ಮೇಲಿನ ಮನೆಯ ವಕೀಲಮ್ಮ ಟೆರೇಸಿನಲ್ಲಿ ಬಟ್ಟೆ ಒಣಗಿಸುತ್ತಿದ್ದರು. ನಾವಿಬ್ಬರೂ ಹೋಗಿ ಹೇಳಿದೆವು. ಅವರು ಬಾಯಲ್ಲಿದ್ದ ಕ್ಲಿಪ್ಪುಗಳನ್ನು ತೆಗೆದು ಒಂದೊಂದಾಗಿ ಹಗ್ಗಕ್ಕೆ ಸಿಕ್ಕಿಸುತ್ತಲೇ ಮಾತಾಡಿದರು.

"ಐದು ನಿಮಿಷ ಅಂತಾನೇ ಕರೆಯೋದು. ಮೊದಲು ಕೇಳಿ, ನನ್ನನ್ನ ಸಾಕ್ಷಿ ಅಂತ ಕರೀತಿದೀರೋ, ಬೇರೆ ಥರಾನೋ ಅಂತ. ಫೋನಲ್ಲಿ ಏನೂ ಬೇಡ. ಸುಳ್ಳಂತೂ ಹೇಳಲೇಬೇಡಿ, ತಮ್ಮನ ಮೇಲಿನ ಪ್ರೀತಿಗೂ ಹೇಳ್ಬೇಡಿ. ನೋಡಿದ್ದು ನೋಡಿದೆ, ಗೊತ್ತಿಲ್ಲದ್ದು ಗೊತ್ತಿಲ್ಲ. ಊಹೆ ಮಾಡೋಕೆ ಹೋಗ್ಬೇಡಿ. ಸಹಿ ಹಾಕೋ ಮುಂಚೆ ಪೂರ್ತಿ ಓದಿ." ಒದ್ದೆ ದಿಂಬಿನ ಚೀಲವೊಂದನ್ನು ಝಾಡಿಸಿದರು. "ಸೋಮವಾರದ ತನಕ ತಡೀರಿ, ನಾನೂ ಬರ್ತೀನಿ. ವಕೀಲರ ಜೊತೆ ಬರ್ತೀನಿ ಅಂದ್ರೆ ಯಾರೂ ನಿಮ್ಮನ್ನ ಗಲ್ಲಿಗೇರಿಸಲ್ಲ."

"ಅಲ್ಲಿ ಆ ಕಾವಲುಗಾರನ ಹೆಂಡ್ತಿ ಆಸ್ಪತ್ರೆ ಬಾಗಿಲಲ್ಲಿ ಕೂತಿದಾಳೆ," ಅಂದಳು ನನ್ನವಳು. "ನಾನು ವಕೀಲರು ಬರ್ಲಿ ಅಂತ ಮನೇಲಿ ಕೂತ್ರೆ ನಾವೇನೋ ಮುಚ್ಚಿಡ್ತಿದೀವಿ ಅನ್ನಲ್ವಾ?"

"ಅಂದ್ಕೊಳ್ಳಿ. ಅನ್ನೋವ್ರ ಬಾಯಿ ಅವರದು." ವಕೀಲಮ್ಮ ಬಕೆಟ್ ಎತ್ತಿಕೊಂಡು ಹೊರಟವರು ಮೆಟ್ಟಿಲ ಬಳಿ ತಿರುಗಿ ಹೇಳಿದರು: "ಇನ್ನೊಂದು. ಅವರು ಸುಮ್ಮನಾದ್ರೆ ನೀವೂ ಸುಮ್ಮನಿರಿ."

ಆ ಕೊನೆಯ ಮಾತನ್ನು ನಾವಿಬ್ಬರೂ ತಲೆಗೆ ಹಾಕಿಕೊಳ್ಳಲಿಲ್ಲ. ಇದೂ ಒಂದು ಬುದ್ಧಿವಾದವಾಯಿತೇ ಎಂದು ನನಗೆ ಅನ್ನಿಸಿತ್ತು.

ಅವಳು ಮಾರನೆಯ ದಿನವೇ ಹೋಗುವುದೆಂದು ಹಟ ಹಿಡಿದಳು. ಸರಿ, ಹಾಗಾದರೆ ತಾಲೀಮು ಮಾಡೋಣ ಎಂದೆ. ಅಡುಗೆಮನೆಯ ಮೇಜೇ ಠಾಣೆಯ ಮೇಜು. ನಾನು ಇನ್ಸ್‌ಪೆಕ್ಟರ್. ಗುಡುಗಿದೆ, ಮೇಜು ಕುಟ್ಟಿದೆ, ಲೋಟ ಉರುಳಿಸಿದೆ, ಅವಳ ಸುತ್ತ ಬೂಟಿಲ್ಲದ ಕಾಲಲ್ಲಿ ಬೂಟಿನ ಸದ್ದು ಮಾಡುತ್ತ ಸುತ್ತಿದೆ. ಅವಳು ಕೈ ಕಟ್ಟಿ ಕೂತು "ಗೊತ್ತಿಲ್ಲ ಸಾರ್", "ನೋಡಿಲ್ಲ ಸಾರ್", "ಎಡಕ್ಕೆ ತಿರುಗಿದ್ದು ಮಾತ್ರ ನೋಡಿದೆ ಸಾರ್" ಎಂದಳು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ನನ್ನ ಗಂಟಲು ಕಟ್ಟಿತೇ ಹೊರತು ಅವಳು ಜಗ್ಗಲಿಲ್ಲ. ಗೆದ್ದೆವು ಅಂದುಕೊಂಡು ಇಬ್ಬರೂ ಚಹಾ ಕುಡಿದೆವು.

ಠಾಣೆಯ ಕೋಣೆಯಲ್ಲಿ ಮೇಜು ಸಣ್ಣದು. ಅಧಿಕಾರಿಯೂ ಸಣ್ಣ ಆಳು, ತೆಳ್ಳಗಿನ ಕನ್ನಡಕ, ಮೀಸೆ ಇಲ್ಲ. ನೆಗಡಿ ಬೇರೆ ಆಗಿತ್ತು. ನಾನು ಒಳಗೆ ಬರಬಹುದೇ ಎಂದು ಕೇಳಿದಾಗ "ಬನ್ನಿ, ಆದ್ರೆ ಮಧ್ಯೆ ಬಾಯಿ ಹಾಕ್ಬೇಡಿ" ಎಂದು ಗೋಡೆ ಪಕ್ಕದ ಬೆಂಚು ತೋರಿಸಿದ. ಅವಳು ಸಾಕ್ಷಿಯೋ ಹೇಗೆ ಎಂದು ಕೇಳಿದಳು. ಸಾಕ್ಷಿಯೇ ಅಮ್ಮ ಎಂದ. ಮೂಗು ಒರೆಸಿಕೊಂಡು ಪೆನ್ನಿನ ಮುಚ್ಚಳ ತೆಗೆದ.

ಅವನು ಒಂದು ಸಲವೂ ದನಿ ಏರಿಸಲಿಲ್ಲ. ಊಟ ಎಷ್ಟು ಹೊತ್ತಿಗೆ, ಯಾರ‍್ಯಾರು ಇದ್ದಿರಿ, ತಮ್ಮ ಏನು ಹೇಳಿ ಹೊರಟ. ಅವಳು ಅಡುಗೆಮನೆಯಲ್ಲಿ ಹೇಳಿದಂತೆಯೇ ಹೇಳಿದಳು. ಎಡಕ್ಕೆ ತಿರುಗಿದ್ದನ್ನು ಹೇಳಿದಳು. ಎಲ್ಲಿಗೆ ಹೋದ ಎಂದಾಗ ಗೊತ್ತಿಲ್ಲ ಅಂದಳು. ನಾನು ಬೆಂಚಿನ ಮೇಲೆ ಸ್ವಲ್ಪ ಹಿಂದಕ್ಕೆ ಒರಗಿದೆ.

ಆಗ ಅವನು ಬರೆದದ್ದನ್ನು ಓದತೊಡಗಿದ. ಬೇಜಾರಿನ ದನಿಯಲ್ಲಿ, ಮಂತ್ರ ಹೇಳುವವನಂತೆ. "ಊಟ ಆಯ್ತು. ಕೈ ತೊಳೆದ. ಸುಮ್ನೆ ಒಂದ್ ಸುತ್ತು ಅಂತ ಹೇಳಿ ಹೊರಟ. ಗೇಟು ದಾಟಿದ. ಎಡಕ್ಕೆ ತಿರುಗಿದ. ತಿರುಗಿ ಸೀದಾ..."

ನಿಲ್ಲಿಸಿದ. ಕಣ್ಣು ಮೇಲೆ ಹೋಯಿತು, ಫ್ಯಾನಿನ ಕಡೆಗೆ. ಉಸಿರು ನಿಂತಿತು. ಪೆನ್ನು ಹಿಡಿದ ಕೈ ಮೆಲ್ಲಗೆ ಕಿವಿಯ ಹತ್ತಿರ ಹೋಯಿತು.

ನಾನು ನಟ, ಇನ್ನೊಬ್ಬ ನಟನನ್ನು ಕಂಡರೆ ನನಗೆ ಗೊತ್ತಾಗುತ್ತದೆ. ಅಂಥ ನಟನೆಯನ್ನು ನಾನು ಜನ್ಮದಲ್ಲಿ ಮಾಡಿಲ್ಲ. ಅಥವಾ ಅವನಿಗೆ ನಿಜವಾಗಿಯೂ ಸೀನು ಬರುತ್ತಿತ್ತೋ ಏನೋ, ಅದೂ ಗೊತ್ತಿಲ್ಲ. ನಾನು ಅವಳ ಬೆನ್ನು ನೋಡಿದೆ. ಬೆನ್ನು ಸ್ವಲ್ಪ ಮುಂದಕ್ಕೆ ಬಾಗಿತು, ಸ್ಟೂಲಿನ ಮೇಲೆ ಬಾಗುವ ಹಾಗೆ.

"ಉಗ್ರಾಣಕ್ಕೆ," ಅಂದಳು.

ಒಂದೇ ಪದ. ಅವನೊಬ್ಬನಿಗೆ ಕೇಳುವಷ್ಟು. ಅವನ ಪೆನ್ನು ಆಗಲೇ ಕಾಗದದ ಮೇಲಿತ್ತು.

ಅವಳಿಗೆ ತಾನೇನು ಮಾಡಿದೆನೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. "ಅಲ್ಲ ಸಾರ್, ಅದು ನಾನ್ ಹೇಳಿದ್ದಲ್ಲ, ನೀವು ಹೇಳೋಕೆ ಹೊರಟಿದ್ರಲ್ಲ, ಅದನ್ನ..." ಎಂದಳು. ಅವನು ಕನ್ನಡಕದ ಮೇಲಿಂದ ನೋಡಿದ. "ನಾನೇನು ಹೇಳೋಕೆ ಹೊರಟಿದ್ದೆ ಅಂತ ನಿಮಗೆ ಹೇಗಮ್ಮ ಗೊತ್ತು?" ಎಂದ, ಮೆಲ್ಲಗೇ. ಅವಳು ವಿವರಿಸಿದಷ್ಟೂ ಅವನು ಬರೆದ. ಪ್ರಾಂಪ್ಟರ್ ಅಂದರೇನೆಂದು ಪೊಲೀಸರಿಗೆ ತಿಳಿಸಿ ಹೇಳುವುದು ಎಷ್ಟು ಕಷ್ಟ ಎಂದು ನನಗೆ ಆಗ ಗೊತ್ತಾಯಿತು. ನಾನು ಎದ್ದು ಬಾಯಿ ತೆರೆದೆ. ಅವನು ಬಾಗಿಲು ತೋರಿಸಿದ. ಸಹಿ ಹಾಕಲಾರೆ ಎಂದು ಅವಳು ಕೈ ಹಿಂದೆ ಕಟ್ಟಿಕೊಂಡಳಂತೆ. ಸಹಿ ಮಾಡಲು ಒಪ್ಪಲಿಲ್ಲ ಎಂದು ಅದನ್ನೂ ಬರೆದುಕೊಂಡನಂತೆ.

ಅದೇ ಸಂಜೆ ಫ್ಯೂಸನ್ನು ಕರೆದುಕೊಂಡು ಹೋದರು. ದೀಪದ ಏಣಿಯ ಮೇಲಿದ್ದವನನ್ನು ಕೆಳಗಿಳಿಸಿ ಕರೆದುಕೊಂಡು ಹೋದರು ಎಂದು ಬಣ್ಣದ ಕೋಣೆಯವರು ಹೇಳಿದರು. ಹಾರಲಿಲ್ಲವಂತೆ, ಸಿಡುಕಲಿಲ್ಲವಂತೆ. "ಅಕ್ಕ ಹಾಗಂದ್ಲಾ?" ಎಂದು ಒಂದೇ ಮಾತು ಕೇಳಿದನಂತೆ. ಆ ವಾರವೇ ಕಾವಲುಗಾರ ತೀರಿಕೊಂಡ.

ಅತ್ತಿದ್ದರೆ ಚೆನ್ನಾಗಿತ್ತು. ನಾವು ಅಳಲಿಲ್ಲ. ಮನೆಯಲ್ಲಿ ಎಲ್ಲ ಇದ್ದ ಹಾಗೇ ಇತ್ತು: ಅವಳು ಅಡುಗೆ ಮಾಡಿದಳು, ನಾನು ಉಂಡೆ, ತಟ್ಟೆ ತೊಳೆದಿಟ್ಟೆ. ಕೈಯ ಮೇಲೆ ಮಲಗಿ ಎದ್ದಾಗ ಅದು ನನ್ನದಲ್ಲ ಅನ್ನಿಸುತ್ತದಲ್ಲ, ಇಡೀ ಮೈ ಹಾಗಿತ್ತು. ಅವಳ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಫ್ಯೂಸು ನಿಜವಾಗಿಯೂ ಆ ಮಧ್ಯಾಹ್ನ ಉಗ್ರಾಣಕ್ಕೆ ಹೋಗಿದ್ದನೇ ಎಂದು ಒಂದೆರಡು ಸಲ ಯೋಚಿಸಿದೆ. ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲದ ಒಂದು ಪದ ಕಾಗದದ ಮೇಲೆ ಕೂತಿತ್ತು, ಅವಳ ಹೆಸರಿನಲ್ಲಿ.

ಅವಳು ಮಾತು ಕೊಡುವುದನ್ನು ಬಿಟ್ಟಳು. ಯಾರಿಗೂ ಹೇಳಿ ಬಿಟ್ಟದ್ದಲ್ಲ. ಎಂದಿನಂತೆ ಸ್ಟೂಲಿನ ಮೇಲೆ ಕೂತಿದ್ದಳು, ಪುಸ್ತಕ ತೊಡೆಯ ಮೇಲಿತ್ತು. ರಾಜನ ಪಾತ್ರದವನು ಮೂರನೆಯ ಅಂಕದಲ್ಲಿ ಮಾತು ಮರೆತು ಬಿದ್ದ. ಪಕ್ಕಕ್ಕೆ ಕಣ್ಣು ಹಾಯಿಸಿದ, ಇನ್ನೊಮ್ಮೆ ಹಾಯಿಸಿದ. ಅವಳು ಅವನನ್ನೇ ನೋಡುತ್ತಿದ್ದಳು, ತುಟಿ ಮಾತ್ರ ಹೊಲಿದ ಹಾಗೆ. ಜನ ಕೆಮ್ಮಿದರು, ಆಮೇಲೆ ನಕ್ಕರು. ಯಜಮಾನರು ಒಳ್ಳೆಯವರು, ಸ್ವಲ್ಪ ದಿನ ಮನೇಲಿರಿ ಅಕ್ಕ ಎಂದರು.

ಮನೆಯಲ್ಲೂ ಅಷ್ಟೇ. ನಾನು ಬೇಕೆಂದೇ ಮಾತು ಅರ್ಧಕ್ಕೆ ಬಿಡುತ್ತಿದ್ದೆ. "ಆ ಡಬ್ಬಿಯಲ್ಲಿ ಇರೋದು..." ಎಂದು ನಿಲ್ಲಿಸುತ್ತಿದ್ದೆ. ಅವಳು ಡಬ್ಬಿಯನ್ನೇ ತಂದು ಮುಂದಿಟ್ಟು ಹೋಗುತ್ತಿದ್ದಳು. ಒಂದು ಪದಕ್ಕಾಗಿ ನಾನು ಎಷ್ಟು ಹಸಿದಿದ್ದೆನೆಂದರೆ, ಬೈದಿದ್ದರೂ ಸಾಕಿತ್ತು.

ವಕೀಲಮ್ಮ ಕೇಸು ಹಿಡಿದರು. ಟೆರೇಸಿನ ಮಾತು ಎತ್ತಿ ಆಡಲಿಲ್ಲ, ಅದು ಅವರ ದೊಡ್ಡತನ. ನಮ್ಮ ಅಡುಗೆಮನೆಯ ಮೇಜಿಗೆ ಬಂದು ಕೂತು ಅವಳ ಕೈ ಹಿಡಿದುಕೊಂಡು ಹೇಳಿದರು:

"ನೋಡಿ, ಅವರ ಹತ್ರ ಬೇರೆ ಸಾಕ್ಷಿ ಇಲ್ಲ. ಕೀಲಿ ಇತ್ತು ಅನ್ನೋದು ಒಂದು, ನೀವು ಹೇಳಿದ್ದು ಇನ್ನೊಂದು. ಕೋರ್ಟಲ್ಲಿ ನಾನು ಒಂದೇ ಪ್ರಶ್ನೆ ಕೇಳ್ತೀನಿ. ನಿಮ್ಮ ತಮ್ಮ ಉಗ್ರಾಣಕ್ಕೆ ಹೋಗಿದ್ದನ್ನ ನೀವು ಕಣ್ಣಾರೆ ನೋಡಿದ್ರಾ? ನೀವು ಇಲ್ಲ ಅನ್ನಬೇಕು. ಅದು ನಿಜ ತಾನೇ?"

"ನಿಜ," ಅಂದಳು.

"ಅಷ್ಟೇ. ಅದರಿಂದಾಚೆ ನಾನು ನೋಡ್ಕೋತೀನಿ. ಹೇಳಿ ನೋಡೋಣ."

"ಇಲ್ಲ," ಅಂದಳು. ಅಷ್ಟು ಸ್ಪಷ್ಟವಾಗಿ ಅವಳ ದನಿ ಕೇಳಿ ತುಂಬ ದಿನವಾಗಿತ್ತು. ಆ ಒಂದು ಪದವನ್ನು ಅವಳು ದಿನಾ ಹೇಳಿಕೊಂಡಳು, ನಲ್ಲಿಯ ಮುಂದೆ, ಕಿಟಕಿಯ ಮುಂದೆ. ತಮ್ಮ ಹೊರಗೆ ಬರುವುದು ಆ ಪದದ ಮೇಲೆ ನಿಂತಿತ್ತು.

ಕೋರ್ಟಿನ ಕೋಣೆ ನಮ್ಮ ರಂಗಮಂದಿರಕ್ಕಿಂತ ಚಿಕ್ಕದು, ಆದರೆ ಚಾವಣಿ ಎತ್ತರ. ಸದ್ದು ಚೆನ್ನಾಗಿ ಓಡುತ್ತದೆ. ಹೋದ ತಕ್ಷಣ ಅದನ್ನು ಗಮನಿಸಿದೆ, ಕಸುಬಿನ ಚಟ. ಫ್ಯೂಸು ಕಟಕಟೆಯಲ್ಲಿದ್ದ. ಕೂದಲು ಸಣ್ಣಗೆ ಕತ್ತರಿಸಿದ್ದರು, ಕಿವಿ ದೊಡ್ಡದಾಗಿ ಕಾಣುತ್ತಿತ್ತು, ಶಾಲೆಯ ಹುಡುಗನ ಹಾಗೆ. ನಾನು ಕೊನೆಯ ಸಾಲಿನಲ್ಲಿ ಕೂತೆ. ಸರ್ಕಾರದ ಕಡೆಯ ವಕೀಲ ಠಾಣೆಯಲ್ಲಿ ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿ, ಇದು ನಿಮ್ಮ ಬಾಯಿಂದ ಬಂದ ಪದ ಹೌದೋ ಎಂದು ಕೇಳಿದ. ಬಂದದ್ದು ಹೌದು ಎಂದು ತಲೆಯಾಡಿಸಿದಳು. ಆಮೇಲೆ ನಮ್ಮ ವಕೀಲಮ್ಮ ಎದ್ದರು.

"ನಿಮ್ಮ ತಮ್ಮ ಉಗ್ರಾಣಕ್ಕೆ ಹೋಗಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

ಅವಳು ಬಾಯಿ ತೆರೆಯಲಿಲ್ಲ.

ವಕೀಲಮ್ಮ ಇನ್ನೊಮ್ಮೆ ಕೇಳಿದರು, ಮಗುವಿಗೆ ಕೇಳುವ ಹಾಗೆ. ನ್ಯಾಯಾಧೀಶರು ತಲೆ ಎತ್ತಿದರು. ಗುಮಾಸ್ತನ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಫ್ಯೂಸು ಕಂಬಿ ಹಿಡಿದು ಅಕ್ಕನ ತುಟಿಯನ್ನೇ ನೋಡುತ್ತಿದ್ದ. ಯಾರೋ ಕೆಮ್ಮಿದರು.

ಇದು ಹಿಡಿದ ಮೌನವೇ, ಬಿದ್ದ ಮೌನವೇ? ಪ್ರಾಂಪ್ಟರ್ ಒಬ್ಬಳ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಅಷ್ಟಾದರೂ ತಿಳಿಯಬೇಡವೇ? ಅವಳ ಭುಜ ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಕಣ್ಣು ಮೇಲೆ, ಫ್ಯಾನಿನ ಕಡೆಗೆ ಹೋಗಿತ್ತು. ಕೈ ಕಿವಿಯ ಹತ್ತಿರ ಬರುತ್ತಿತ್ತು. ಅವಳು ಬಿದ್ದಿದ್ದಳು. ಅವಳು ಬಿದ್ದಾಗ ಕೊಡುವವರು ಯಾರೂ ಇರಲಿಲ್ಲ, ಇಡೀ ಜೀವಮಾನದಲ್ಲಿ ಇರಲಿಲ್ಲ. ನನ್ನ ಮರಗಟ್ಟಿದ ಮೈಯೊಳಗೆ ಏನೋ ಚುರ್ ಎಂದಿತು. ಅಷ್ಟು ದಿನದಲ್ಲಿ ಮೊದಲ ಸಲ ನನಗೆ ನೋವಾಯಿತು.

"ಇಲ್ಲ," ಎಂದು ಪಿಸುಗುಟ್ಟಿದೆ.

ನಾನು ಬಣ್ಣ ಹಚ್ಚಿ ತಲೆ ನರೆತವನು. ನನ್ನ ಪಿಸುಮಾತು ಕಟ್ಟಕಡೆಯ ಸಾಲಿನ ಕಿವುಡನಿಗೂ ಕೇಳಬೇಕೆಂದು ಕಲಿಸಿದ್ದಾರೆ, ನಾನೂ ಕಷ್ಟಪಟ್ಟು ಕಲಿತಿದ್ದೇನೆ. ಮೆಲ್ಲಗೆ ಪಿಸುಗುಟ್ಟುವುದು ಅವಳ ಕಸುಬು, ನನ್ನದಲ್ಲ. ಆ ಪದ ಎತ್ತರದ ಚಾವಣಿಗೆ ಹೋಗಿ, ಗೋಡೆ ಸವರಿಕೊಂಡು, ಎಲ್ಲರ ತಲೆಯ ಮೇಲೂ ಇಳಿಯಿತು.

"ಇಲ್ಲ," ಎಂದಳು ಅವಳು ತಕ್ಷಣವೇ, ಸ್ಪಷ್ಟವಾಗಿ, ಪದ ಸಿಕ್ಕ ನಟ ಹೇಳುವ ಹಾಗೆಯೇ.

"ಯಾರದು?" ಎಂದರು ನ್ಯಾಯಾಧೀಶರು.

ಅವಳ ಗಂಡ ಎಂದು ಒಪ್ಪಿಕೊಂಡೆ. ನನ್ನನ್ನು ಹೊರಗೆ ಕಳಿಸಿದರು. ಬಾಗಿಲು ಮುಚ್ಚುವ ಮುಂಚೆ ಕೇಳಿಸಿದ್ದು ನ್ಯಾಯಾಧೀಶರು ಗುಮಾಸ್ತನಿಗೆ ಬರೆಸುತ್ತಿದ್ದ ಮಾತು: ಸಾಕ್ಷಿಯು ಸುಮ್ಮನಿದ್ದು, ಗಂಡ ಹೇಳಿಕೊಟ್ಟ ಮೇಲೆ ಉತ್ತರಿಸಿದರು. ಸರ್ಕಾರದ ವಕೀಲ "ನನ್ನದು ಇನ್ನೇನೂ ಪ್ರಶ್ನೆ ಇಲ್ಲ" ಎಂದದ್ದೂ ಕೇಳಿಸಿತು. ಅವನ ದನಿಯಲ್ಲಿ ನಗು ಇತ್ತು.

ವರಾಂಡದ ಬೆಂಚಿನ ಮೇಲೆ ಕೂತಿದ್ದೆ. ವಕೀಲಮ್ಮ ಹೊರಗೆ ಬಂದು, ನನ್ನ ಮುಂದೆ ನಿಂತು, ಕರಿಕೋಟಿನ ಗುಂಡಿ ಬಿಚ್ಚಿದರು. "ಆ ಒಂದು ಮಾತೇ ನಮ್ಮ ಹತ್ರ ಇದ್ದದ್ದು," ಎಂದರು. "ಇನ್ನು ಅವಳು ಏನಂದ್ರೂ ಹೇಳಿಕೊಟ್ಟದ್ದು ಅಂತಾರೆ." ಬೈಯಲಿಲ್ಲ. ಫೈಲು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಹೋದರು.

ಆಮೇಲೆ ಅವಳು ಬಂದು ನನ್ನ ಪಕ್ಕ ಕೂತಳು. ಕಿಟಕಿಯ ಕೆಳಗೆ ಅಂಗಳದಲ್ಲಿ ಕೈದಿಗಳ ಗಾಡಿ ನಿಂತಿತ್ತು. ಫ್ಯೂಸನ್ನು ಹತ್ತಿಸಿದರು. ಅವನು ಮೇಲೆ ನೋಡಲಿಲ್ಲ. ಗಾಡಿ ಗೇಟು ದಾಟುವ ತನಕ ನಾವಿಬ್ಬರೂ ನೋಡಿದೆವು. ನನ್ನ ಬಾಯಲ್ಲಿ ಹೇಳಬೇಕಾದ್ದು ತುಂಬ ಇತ್ತು.

"ನಾನು ನಿನಗೆ..." ಎಂದೆ, ಮುಂದೆ ಬರಲಿಲ್ಲ.

ಅವಳು ನನ್ನ ಕಡೆ ತಿರುಗಿದಳು. ನನ್ನ ಉಸಿರು ನೋಡಿದಳು, ಕಣ್ಣು ನೋಡಿದಳು. ಅಂಗಿಯಲ್ಲಿ ಅವಳು ಅಂದು ಹೊಲಿದಿದ್ದ ಗುಂಡಿ ಬಿಚ್ಚಿಕೊಂಡಿತ್ತು, ಅದನ್ನು ಹಾಕಿದಳು.

"ಜೋರಾಯ್ತು ರೀ," ಅಂದಳು.